ತೂಕ ಒಂದು ಗಂಟೆ ಕಾಯಲಿ

ನನ್ನ ಮಗಳು ಊರಲ್ಲಿ ಹುಟ್ಟಿದಳು. ಮಗ, ನಾನೀಗ ನೆಲೆಸಿರುವ ಈ ಹೊರನಾಡಿನಲ್ಲಿ. ಮಗಳನ್ನು ಒರೆಸಿ, ತೂಗಿ, ಬಟ್ಟೆ ಸುತ್ತಿ ಬೇರೆ ಕೋಣೆಗೆ ಒಯ್ದರು. ತಾಯಿ ಅವಳ ಮುಖವನ್ನು ಸರಿಯಾಗಿ ನೋಡುವ ಹೊತ್ತಿಗೆ ಮೂರು ತಾಸು ಕಳೆದಿತ್ತು. ಮಗನನ್ನಾದರೋ ಒರೆಸಿದವರೇ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಹೊದಿಕೆ ಹೊದಿಸಿದರು. ತೂಕ ನೋಡಿದ್ದು ಗಂಟೆ ಕಳೆದ ಮೇಲೆ. ಹೆಂಡತಿಗೆ ಹೊಲಿಗೆ ಹಾಕುವಾಗ ನರ್ಸ್ ನನ್ನ ಅಂಗಿ ಬಿಚ್ಚಿಸಿ ಕೂಸನ್ನು ಕೊಟ್ಟರು. ಅಳುತ್ತಿದ್ದದ್ದು ನನ್ನೆದೆ ತಾಗುತ್ತಲೇ ಸುಮ್ಮನಾಯಿತು. ಮಗಳಿಗೆ ಇದು ತಪ್ಪಿತಲ್ಲ ಎಂಬ ಸಂಕಟ ನನಗೆ ಶುರುವಾದದ್ದು ಆಗಲೇ.

ಇದೆಲ್ಲ ಸಿರಿವಂತ ದೇಶಗಳ ಸೌಕರ್ಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಕಾಂಗರೂ ಆರೈಕೆ, ಅಂದರೆ ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿ ಇಟ್ಟು ಸಾಕುವ ಕ್ರಮ, ಆರಂಭಿಸಿದ್ದೇ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳಾದ ಇನ್‌ಕ್ಯುಬೇಟರ್‌ಗಳು ಸಾಲದೆ. ಅಲ್ಲಿ ಮುಂದೆ ಹಾಗೆ ಬೆಳೆದ, ತೂಕ ಕಡಿಮೆಯಿದ್ದ ಮಕ್ಕಳನ್ನು 20 ವರ್ಷಗಳ ನಂತರ ಪರೀಕ್ಷಿಸಿದಾಗ, ಉಳಿದವರಿಗಿಂತ ಅವರಲ್ಲಿ ಚಡಪಡಿಕೆ, ಸಿಡುಕು ಕಡಿಮೆ. ಶಾಲೆ ತಪ್ಪಿಸಿದ್ದೂ ಕಡಿಮೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳು. ಸ್ಥಿತಿ ಸುಧಾರಿಸಲಿ ಎಂದು ಕಾಯದೆ ಹುಟ್ಟಿದೊಡನೆ ಎದೆಗೆ ಕೊಟ್ಟಾಗ, 28 ದಿನಗಳೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಅಷ್ಟು ಸ್ಪಷ್ಟ ಫಲ ಕಂಡು ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ತಾಯಿಯ ಮೈ ಕೂಸಿನ ಮೈಶಾಖ ಕಾಯುತ್ತದೆ, ಉಸಿರಾಟ ಹದಕ್ಕೆ ಬರುತ್ತದೆ, ಅವಳ ಚರ್ಮದ ನಿರಪಾಯ ಸೂಕ್ಷ್ಮಾಣುಗಳು ಮೊದಲು ಬಂದು ನೆಲೆಸುತ್ತವೆ, ಕೂಸು ಮೊಲೆಯನ್ನು ಸಲೀಸಾಗಿ ಹಿಡಿಯುತ್ತದೆ.

ಆ ಗಂಟೆ ತಪ್ಪಿದವರು ಕೊರಗಬೇಕಿಲ್ಲ. ನಾನು ಕೊರಗಿದ್ದು ಸಾಕು. ಕೆನಡಾದ ವ್ಯಾಂಕೂವರ್‌ನಲ್ಲಿ ಸಂಶೋಧಕರು ಗಮನಿಸಿದ್ದು ಐದು ವಾರದ ಶಿಶುಗಳನ್ನು. ಎಷ್ಟು ಹೊತ್ತು ಎತ್ತಿಕೊಂಡಿದ್ದೆವೆಂದು ಅಪ್ಪ ಅಮ್ಮಂದಿರೇ ಬರೆದಿಟ್ಟರು. ಆ 94 ಮಕ್ಕಳಿಗೆ ನಾಲ್ಕೂವರೆ ವರ್ಷ ತುಂಬುವ ಹೊತ್ತಿಗೆ, ಹೆಚ್ಚು ಅಪ್ಪುಗೆ ಸಿಕ್ಕವರಿಗೂ ಸಿಗದವರಿಗೂ ಡಿಎನ್‌ಎ ಮೇಲಿನ ಐದು ಕಡೆ ರಾಸಾಯನಿಕ ಗುರುತುಗಳಲ್ಲಿ ವ್ಯತ್ಯಾಸ ಕಂಡಿತು. ಕಡಿಮೆ ಅಪ್ಪುಗೆ ಸಿಕ್ಕವರಿಗೆ ರೋಗ ಬರುತ್ತದೆಂದು ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ವಾರಗಳು ಕಳೆದ ಮೇಲಿನ ಸ್ಪರ್ಶವೂ ಮೈಯಲ್ಲಿ ಗುರುತು ಬಿಡುತ್ತದೆ ಎಂಬುದು ನನಗೆ ದೊಡ್ಡ ಸಮಾಧಾನ.

ಊರಲ್ಲಿ ತಂಗಿಗೆ ಈಗ ದಿನ ತುಂಬುತ್ತಿದೆ. ಹೆರಿಗೆ ಕೋಣೆಗೆ ಹೋಗುವ ಮುಂಚೆಯೇ ಡಾಕ್ಟರನ್ನು ಕೇಳು ಎಂದಿದ್ದೇನೆ: ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ನನ್ನ ಎದೆ ಮೇಲೇ ಬಿಡುತ್ತೀರಾ, ತೂಕ ಆಮೇಲೆ ನೋಡಬಹುದಾ? ಕೂಸಿನ ಮೂಗು ಮುಚ್ಚದಂತೆ ಮುಖ ಪಕ್ಕಕ್ಕಿರಲಿ, ನಿದ್ದೆ ಬಂದರೆ ಗಂಡನ ಕೈಗೆ ಕೊಡು ಎಂದೂ ಹೇಳಿದ್ದೇನೆ. ಅವನಿಗೆ ಬೇರೆಯೇ ಫೋನ್ ಮಾಡಿದೆ: ಅವತ್ತು ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗು.