ಮುತ್ತಜ್ಜನ ಹೆಸರನ್ನು ಎಲ್ಲಿಸ್ ಐಲೆಂಡ್‌ನಲ್ಲಿ ಬದಲಾಯಿಸಿದ್ರಾ?

ಬರಗಾಲದಲ್ಲಿ ಐರ್ಲೆಂಡ್ ಬಿಟ್ಟು ಬಂದ ಮುತ್ತಜ್ಜನ ಹೆಸರನ್ನು ಹಡಗಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ಕೇಂದ್ರದ ಗುಮಾಸ್ತ ತಪ್ಪಾಗಿ ಬರೆದ, ಅದೇ ಹೆಸರಲ್ಲಿ ಆತ ನೆಬ್ರಾಸ್ಕಾದ ಬಯಲಲ್ಲಿ ಹೊಲ ಮಾಡಿದ ಅನ್ನೋ ಫಾರ್ವರ್ಡ್ ಆಗಾಗ ಬರುತ್ತಲೇ ಇರುತ್ತದೆ. ಮನೆಯ ಹಿರಿಯರು ಹೇಳಿದ್ದು ಅಂತ ನಂಬಿ ಕಳಿಸುತ್ತಾರೆ, ಸಹಜವೇ. ಆದರೆ ಹಾಗೆ ಆಗಿರಲು ಸಾಧ್ಯವಿಲ್ಲ.

ಆಲೂಗಡ್ಡೆ ಬೆಳೆ ಕೊಳೆತು ಜನ ಗುಳೆ ಹೋಗಿದ್ದು 1845ರಿಂದ 1852ರ ನಡುವೆ. ಎಲ್ಲಿಸ್ ಐಲೆಂಡ್ ಕೇಂದ್ರ ಶುರುವಾಗಿದ್ದೇ 1892ರಲ್ಲಿ! ಅಲ್ಲೂ ಅಧಿಕಾರಿಗಳು ಹೆಸರು ಹೊಸದಾಗಿ ಬರೆಯುತ್ತಿರಲಿಲ್ಲ, ಹಡಗು ಕಂಪನಿಯವರು ಹೊರಡುವಾಗಲೇ ಮಾಡಿದ ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಎಷ್ಟೋ ಮನೆತನಗಳ ಹೆಸರಿನ ಮುಂದಿನ ‘ಓ’, ‘ಮ್ಯಾಕ್’ ಐರ್ಲೆಂಡಿನಲ್ಲೇ ಬಿದ್ದುಹೋಗಿದ್ದವು. ಕೆಲವರು ಅಮೆರಿಕಕ್ಕೆ ಬಂದ ಮೇಲೆ ತಾವೇ ಬದಲಿಸಿಕೊಂಡರು.

ಪರೀಕ್ಷಿಸೋದು ಕಷ್ಟವೇನಲ್ಲ. ಮೊದಲು ಇಸವಿ ತಾಳೆ ಹಾಕಿ, ಇಂಥ ಕಥೆ ಜಾಸ್ತಿ ಎಡವೋದು ಅಲ್ಲೇ. ಆಮೇಲೆ ಹಡಗಿನ ಪಟ್ಟಿ, ಜನಗಣತಿ. ಉಳುಮೆ ಮಾಡಿ ನೆಲೆಸುವವರಿಗೆ ಅಮೆರಿಕ ಸರ್ಕಾರ ಜಮೀನು ಕೊಟ್ಟ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಪಡೆದ ಕುಟುಂಬವಾದರೆ ಅವರ ಜಮೀನಿನ ಕಡತವನ್ನೇ ನೋಡಬಹುದು: ಪೌರತ್ವದ ಕಾಗದ, ಅಲ್ಲಿ ವಾಸವಿದ್ದರು ಅನ್ನೋದಕ್ಕೆ ನೆರೆಹೊರೆಯವರ ಸಾಕ್ಷಿ, ಮನೆ ಎಂಥದ್ದು, ಬಾವಿ ತೋಡಿದ್ರಾ, ಎಷ್ಟು ಎಕರೆ ಉತ್ತರು ಅನ್ನೋದೆಲ್ಲ ಅದರಲ್ಲಿ ಸಿಗುತ್ತದೆ. ನನಗಂತೂ ಫಾರ್ವರ್ಡ್‌ಗಿಂತ ಈ ಕಡತಗಳೇ ಹೆಚ್ಚು ರುಚಿ.