ನಿಮಗಾಗಿಯೇ ಮಾಡಿದ್ದಂತೆ!

ಡಿಎನ್ಎ ಪರೀಕ್ಷೆಗೆ ಅಂತ ಮೊದಲ ಸಲ ಕಳಿಸಿದ ಎಂಜಲು ಪಾಸಾಗಲಿಲ್ಲ. "ಸ್ಯಾಂಪಲ್ ಸರಿಯಿಲ್ಲ, ಇನ್ನೊಂದು ಕಿಟ್ ಕಳಿಸುತ್ತೇವೆ" ಅಂತ ಮೆಸೇಜ್ ಬಂತು. ಸರಿಯಿಲ್ಲದೆ ಏನಾಗಿದೆ? ನಮ್ಮ ಆಯಿ, ಅಂದರೆ ಅಮ್ಮ, ಕವಳ (ಎಲೆ-ಅಡಿಕೆ) ಹಾಕುತ್ತಾಳೆ. ಐವತ್ತು ವರ್ಷದಿಂದ ಹಾಕುತ್ತಿದ್ದಾಳೆ. ಟ್ಯೂಬಿನಲ್ಲಿ ಗೆರೆ ತನಕ ಉಗುಳಬೇಕಂತೆ, ನೊರೆ ಲೆಕ್ಕಕ್ಕಿಲ್ಲವಂತೆ, ಅರ್ಧ ಗಂಟೆ ಮೊದಲಿನಿಂದ ಬಾಯಿಗೆ ಏನೂ ಹಾಕಬಾರದಂತೆ. ಅರ್ಧ ಗಂಟೆ ಕವಳ ಬಿಟ್ಟು ಕೂರುವುದೇ ಅವಳ ಪಾಲಿಗೆ ಏಕಾದಶಿ. ಆದರೂ ಟ್ಯೂಬಿಗೆ ಬಿದ್ದಿದ್ದು ಕೆಂಪು ರಸವೇ. "ತಮಾ, ಇದ್ರಲ್ಲಿ ಎಂತ ನೋಡ್ತ ಅವು?" ಅಂತ ಕೇಳಿದಳು. ಆಗಲೇ ನಾನು ಟ್ಯೂಬ್ ತೆಗೆದು ಹಿತ್ತಲಿಗೆ ಎಸೆಯಬೇಕಿತ್ತು.

ಆಯಿಗೆ 71. ಮೊಣಕಾಲು ನೋವು, ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುವ ಸದ್ದು ಮನೆಯವರಿಗೆಲ್ಲ ಅಭ್ಯಾಸವಾಗಿದೆ. ಇದನ್ನು ನೋಡಲಾರದೆ ಬೆಂಗಳೂರಿನಲ್ಲಿರುವ ತಮ್ಮನ ಮಗ ಒಂದು ಉಪಾಯ ಹುಡುಕಿದ. ಎಂಜಲು ಕಳಿಸಿದರೆ ಡಿಎನ್ಎ ನೋಡಿ, ಯಾರ ಮೈಗೆ ಎಷ್ಟು ಬೇಕೋ ಅಷ್ಟೇ ಹದದ ಗಾಂಜಾ ಎಣ್ಣೆ ಮಾಡಿಕೊಡುವ ಕಂಪನಿಯಂತೆ. ಗಾಂಜಾ ಅನ್ನಬಾರದು, ತಪ್ಪಾಯಿತು. 'ವಿಜಯಾ' ಅನ್ನಬೇಕು. "ದೊಡ್ಡಪ್ಪಾ, ಆಯುರ್ವೇದದಲ್ಲೇ ಇದೆ, ಪೂರ್ತಿ ಲೀಗಲ್, ಈಗೆಲ್ಲ ಸೈನ್ಸು" ಅಂದ. ಕಿಟ್ಟಿಗೆ 4,999 ರೂಪಾಯಿ. ಒಂದು ಕೊಂಡರೆ ಇನ್ನೊಂದು ಅರ್ಧ ರೇಟಿಗೆ ಅಂತ ಅವನೂ ಒಂದು ಟ್ಯೂಬಿಗೆ ಉಗುಳಿದ. ನಾನು ಆಗ ತೋಟದಲ್ಲಿ ಎರಡನೇ ಸಲದ ಕೊಳೆ ಔಷಧಿ ಹೊಡೆಸುತ್ತಿದ್ದೆ. ಮಳೆ ಹೊಳವಾದ ಎರಡು ದಿನದಲ್ಲಿ ಕೆಲಸ ಮುಗಿಯಬೇಕು. "ಆಯ್ತು ಮಾರಾಯಾ" ಅಂದುಬಿಟ್ಟೆ. ನನ್ನ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ.

ಕಾನೂನಿನ ವಿಷಯದಲ್ಲಿ ಹುಡುಗ ಹೇಳಿದ್ದು ಸುಳ್ಳೇನಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಡುವ ತುದಿ. ತುದಿ ಸೇರದ ಬರೀ ಎಲೆ, ಬೀಜ ಆ ಲೆಕ್ಕದಲ್ಲಿ ಬರುವುದಿಲ್ಲ. ಅದೇ ಸಂದಿಯಲ್ಲಿ ಆಯುರ್ವೇದದ ಲೈಸೆನ್ಸ್ ಇಟ್ಟುಕೊಂಡು ಈ ಎಣ್ಣೆಗಳು ಬರುತ್ತವೆ. ಆದರೆ ಔಷಧಿ ನಿಯಮದಲ್ಲಿ ಭಂಗಿ, ಅಂದರೆ ಇದೇ ಗಿಡದ ಎಲೆ, ಇರುವುದು ವಿಷವಸ್ತುಗಳ ಪಟ್ಟಿಯಲ್ಲಿ. ವೈದ್ಯರ ನಿಗಾದಲ್ಲೇ ತಗೊಳ್ಳಬೇಕು ಅಂತ ಬಾಟಲಿ ಮೇಲೆ ಬರೆಯಲೇಬೇಕು. ಬರೆದಿದ್ದರು. ಅಕ್ಕಿಹುಳದಷ್ಟು ದೊಡ್ಡ ಅಕ್ಷರದಲ್ಲಿ.

ಆ ನಿಗಾ ಹೇಗಿತ್ತು ಅಂದರೆ, ಮೂರು ನಿಮಿಷದ ವಿಡಿಯೋ ಕಾಲ್. ಆ ಕಡೆ ಹಿಂದಿ ಮಾತಾಡುವ ಡಾಕ್ಟರು, ಈ ಕಡೆ ಹಿಂದಿ ಬಾರದ ಆಯಿ, ನಡುವೆ ಬೆಂಗಳೂರಿನಿಂದ ಅನುವಾದ ಮಾಡುವ ಮೊಮ್ಮಗ. ನೋವು ಎಲ್ಲಿ? ನಿದ್ದೆ ಎಷ್ಟು ಗಂಟೆ? ತೂಕ ಎಷ್ಟು? ಮುಗಿಯಿತು.

ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಲಿಲ್ಲ.

ಆಯಿಗೆ ಹನ್ನೊಂದು ವರ್ಷದ ಹಿಂದೆ ಹೃದಯದ ವಾಲ್ವ್ ಬದಲಿಸಿದ್ದಾರೆ. ಲೋಹದ ವಾಲ್ವ್. ಅವತ್ತಿನಿಂದ ದಿನಾ ಸಂಜೆ ವಾರ್ಫರಿನ್, ರಕ್ತ ಹೆಪ್ಪುಗಟ್ಟದ ಹಾಗೆ. ಈ ಮಾತ್ರೆ ಇರುವ ಮನೆಯವರಿಗೆ ಗೊತ್ತು, ಐಎನ್ಆರ್ ಅಂದರೆ ಏನು ಅಂತ: ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಲೆಕ್ಕ. ತಿಂಗಳಿಗೊಮ್ಮೆ ಶಿರಸಿಗೆ ಹೋಗಿ ರಕ್ತ ಕೊಡಬೇಕು. ಅವಳ ಲೆಕ್ಕ 2.5ರಿಂದ 3.5ರ ಒಳಗೆ ನಿಲ್ಲಬೇಕು. ಕಡಿಮೆಯಾದರೆ ವಾಲ್ವಿನಲ್ಲಿ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಹರಿವೆ ಸೊಪ್ಪು ಸಹ ಲೆಕ್ಕ ಹಾಕಿ ತಿನ್ನಬೇಕು. ನಮ್ಮ ಡಾಕ್ಟರು ಪ್ರತಿ ಸಲ ಕೇಳುತ್ತಾರೆ, "ಬಸಳೆ ತಿಂದಿದ್ರಾ? ಎಷ್ಟು ದಿನ? ಒಂದೆಲಗದ ತಂಬುಳಿ?" ಅಂತ. ಐದು ಸಾವಿರ ಕೊಟ್ಟ ಸೈನ್ಸು ಕೇಳದ ಪ್ರಶ್ನೆಯನ್ನು ಆ ಮನುಷ್ಯ ಇನ್ನೂರು ರೂಪಾಯಿಗೆ ಕೇಳುತ್ತಾರೆ.

ರಿಪೋರ್ಟ್ ಬಂತು ನೋಡಿ. ಹದಿನೆಂಟು ಪುಟ, ಹಸಿರು ಬಣ್ಣ, ಮೂಲೆಯಲ್ಲೆಲ್ಲ ಎಲೆಯ ಚಿತ್ರ. ಒಂದು ಪುಟದಲ್ಲಿ 'ನಿಮ್ಮ ಆನಂದದ ಜೀನ್' ಅಂತ ಇತ್ತು. ಮೆದುಳಿನಲ್ಲಿ ತಾನಾಗಿಯೇ ಹುಟ್ಟುವ, ಗಾಂಜಾ ಥರದ್ದೇ ಕೆಲಸ ಮಾಡುವ ಒಂದು ವಸ್ತುವನ್ನು 1992ರಲ್ಲಿ ಕಂಡುಹಿಡಿದಾಗ, ಸಂಸ್ಕೃತದ ಆನಂದ ಶಬ್ದ ಹಿಡಿದು ಅನಂದಮೈಡ್ ಅಂತ ಹೆಸರಿಟ್ಟರು. ಅದು ನಿಜ. ಅದನ್ನು ಒಡೆಯುವ ಕಿಣ್ವದ ಜೀನ್ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬೇರೆ ಇರುತ್ತದೆ ಅನ್ನುವುದೂ ನಿಜ. ಆದರೆ ಅಲ್ಲಿಂದ ಹಾರಿ "ನಿಮಗೆ ಲ್ಯಾವೆಂಡರ್ ವಾಸನೆಯ ಸಂಜೆಯ ಮಿಶ್ರಣ ಸೂಕ್ತ" ಅನ್ನುವ ತನಕ ಬರಲು ಯಾವ ಸಂಕ ದಾಟಿದರೋ, ಆ ಸಂಕ ಎಲ್ಲೂ ಇಲ್ಲ.

ನಾಲ್ಕನೇ ಪುಟ ಮಾತ್ರ ಗಟ್ಟಿ ವಿಜ್ಞಾನ. ನನ್ನ ಹೊಟ್ಟೆ ಉರಿಯುವುದೂ ಅದೇ ಪುಟಕ್ಕೆ.

ಅಲ್ಲಿ ಸಿವೈಪಿ2ಸಿ9 ಅನ್ನುವ ಜೀನಿನ ಹೆಸರಿತ್ತು. ಅದರ ಕಿಣ್ವ ಲಿವರಿನಲ್ಲಿ ಕೂತು ಔಷಧಿಗಳನ್ನು ಒಡೆಯುತ್ತದೆ. ಗಾಂಜಾದಲ್ಲಿ ಅಮಲು ಕೊಡುವ ಟಿಎಚ್‌ಸಿಯನ್ನು ಒಡೆಯುವುದರಲ್ಲೂ ಅದರದ್ದೇ ದೊಡ್ಡ ಪಾಲು. ಕೆಲವರಲ್ಲಿ ಈ ಜೀನಿನ ಒಂದು ನಿಧಾನದ ರೂಪ ಇರುತ್ತದೆ. ಅಪ್ಪನಿಂದ, ಅಮ್ಮನಿಂದ ಎರಡೂ ಕಡೆಯಿಂದ ಅದೇ ಬಂದಿದ್ದರೆ, ನುಂಗಿದ ಟಿಎಚ್‌ಸಿ ರಕ್ತದಲ್ಲಿ ಮೂರು ಪಟ್ಟಿನಷ್ಟು ಸೇರುತ್ತದೆ ಅಂತ 2009ರ ಒಂದು ಅಧ್ಯಯನ ತೋರಿಸಿದೆ. ಆಯಿಗೆ ಒಂದು ಕಡೆಯಿಂದ ಬಂದಿದೆ. "ನಿಮ್ಮ ದೇಹ ನಿಧಾನ, ಆದ್ದರಿಂದ ಮೃದು ಮಿಶ್ರಣ ಸಂಖ್ಯೆ 3" ಅಂತ ಬರೆದಿದ್ದರು. ಟಿಎಚ್‌ಸಿ ಕಡಿಮೆ, ಅಮಲು ಕೊಡದ ಸಿಬಿಡಿ ಜಾಸ್ತಿ.

ಫಾರ್ಮಸಿ ಓದುತ್ತಿರುವ ಮಗಳು ರಜೆಗೆ ಬಂದವಳು ಈ ಪುಟ ನೋಡಿ ಹಣೆ ಚಚ್ಚಿಕೊಂಡಳು. ವಾರ್ಫರಿನ್ ಒಡೆಯುವುದೂ ಇದೇ ಕಿಣ್ವವಂತೆ! 2007ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ವಾರ್ಫರಿನ್ ಲೇಬಲ್ಲಿಗೆ ಈ ಜೀನಿನ ಹೆಸರು ಸೇರಿಸಿದ್ದಾರಂತೆ. ಇನ್ನು ಸಿಬಿಡಿ ಈ ಕಿಣ್ವದ ಕೆಲಸಕ್ಕೇ ಅಡ್ಡ ಬರುತ್ತದೆ. ವಾರ್ಫರಿನ್ ತಗೊಳ್ಳುವವರು ಸಿಬಿಡಿ ಶುರು ಮಾಡಿದ ಮೇಲೆ ಐಎನ್ಆರ್ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ದೇವಿಮನೆ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದ ಹಾಗೆ ಅಂದುಕೊಳ್ಳಿ. ಆಯಿಯ ಲಿವರಿನಲ್ಲಿ ಮೊದಲೇ ಸಿಂಗಲ್ ರೋಡು. ಅದು ಗೊತ್ತಿದ್ದ ಒಂದೇ ಒಂದು ಕಂಪನಿ ಇದು. ಗೊತ್ತಿದ್ದೂ ಅಲ್ಲಿಗೇ ಲಾರಿ ಬಿಟ್ಟರು.

ಮಗಳು ಬರುವಷ್ಟರಲ್ಲಿ ಎಣ್ಣೆ ಶುರುವಾಗಿ ಹನ್ನೆರಡು ದಿನ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಡಿಕೆ ಕತ್ತರಿಸುವ ಸದ್ದು ನಿಂತಿತ್ತು. ನಾವೆಲ್ಲ ಖುಷಿಯಲ್ಲಿದ್ದೆವು. ಬೆಳಿಗ್ಗೆ ಹಲ್ಲು ಉಜ್ಜುವಾಗ ಆಯಿ ಕೆಂಪಗೆ ಉಗುಳುತ್ತಿದ್ದಳು. ಕವಳ ಅಂದುಕೊಂಡೆವು. ಐವತ್ತು ವರ್ಷದಿಂದ ಕೆಂಪು ನೋಡಿದವರಿಗೆ ಅದು ರಕ್ತ ಅಂತ ಹೇಗೆ ಹೊಳೆಯಬೇಕು? ಮೊಣಕೈ ಹತ್ತಿರ ನೇರಳೆ ಹಣ್ಣಿನ ಬಣ್ಣದ ಕಲೆ ನೋಡಿದ್ದು ಮಗಳು. ಅವತ್ತೇ ಶಿರಸಿಗೆ ಓಡಿದೆವು. ಐಎನ್ಆರ್ 5.6.

ಡಾಕ್ಟರು ವಾರ್ಫರಿನ್ ಎರಡು ದಿನ ನಿಲ್ಲಿಸಿ, ಮತ್ತೆ ರಕ್ತ ನೋಡಿ, ದಾರಿಗೆ ತಂದರು. ಅಷ್ಟರಲ್ಲಿ ಮುಗಿಯಿತು, ಪುಣ್ಯ. ತಲೆಯಲ್ಲಿ ರಕ್ತಸ್ರಾವ ಆಗಿದ್ದರೆ ನಮ್ಮ ಜಿಲ್ಲೆಯವರು ಎಲ್ಲಿಗೆ ಓಡಬೇಕು ಅಂತ ನಿಮಗೆ ಗೊತ್ತಿದೆ. ಮಣಿಪಾಲವೋ ಹುಬ್ಬಳ್ಳಿಯೋ ಅಂತ ಆಂಬುಲೆನ್ಸಿನಲ್ಲಿ ಕೂತು ಯೋಚನೆ ಮಾಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿ ಕೇಳಿ ಗಂಟಲು ಒಣಗಿದ ಊರಿಗೆ ಡಿಎನ್ಎ ಕಿಟ್ ಮಾತ್ರ ಮನೆ ಬಾಗಿಲಿಗೇ ಬರುತ್ತದೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಎಣ್ಣೆ ವಾಪಸ್ ತಗೊಳ್ಳಿ, ದುಡ್ಡು ಕೊಡಿ ಅಂದೆ. ಆ ಹುಡುಗಿ ಹೇಳಿದ್ದು ಕೇಳಿ: "ಸರ್, ಇದು ಪರ್ಸನಲ್ ಪ್ರಾಡಕ್ಟ್. ನಿಮ್ಮ ತಾಯಿಯ ಡಿಎನ್ಎಗೆ ತಕ್ಕಂತೆ ಅವರಿಗಾಗಿಯೇ ಮಾಡಿದ್ದು. ಬೇರೆಯವರಿಗೆ ಉಪಯೋಗ ಆಗಲ್ಲ, ಹಾಗಾಗಿ ರಿಟರ್ನ್ ಇಲ್ಲ." ಅವಳಿಗೆ ಬೈದು ಏನು ಪ್ರಯೋಜನ, ಅವಳು ಹಾಳೆ ನೋಡಿ ಓದುವವಳು. ಆದರೆ ಅದೇ ವಾರ ತಮ್ಮನ ಮಗ ತನ್ನ ಬಾಟಲಿ ಹಿಡಿದು ಊರಿಗೆ ಬಂದ. ಅವನಿಗೆ 26, ಜಿಮ್ಮಿಗೆ ಹೋಗುವವನು, ಅವನ ನಾಲ್ಕನೇ ಪುಟದಲ್ಲಿ 'ವೇಗದ ದೇಹ' ಅಂತ ಇದೆ. ಮೇಲೆ ಅವನ ಹೆಸರಿನ ಸ್ಟಿಕ್ಕರ್, 'ಮಿಶ್ರಣ ಸಂಖ್ಯೆ 5'. ಮಗಳು ಎರಡೂ ಬಾಟಲಿಗೆ ಬಿಸಿನೀರು ಹಚ್ಚಿ ಸ್ಟಿಕ್ಕರ್ ಕಿತ್ತಳು. ಎರಡರ ಸ್ಟಿಕ್ಕರ್ ಕೆಳಗೂ ಅದೇ ಹಳೇ ಲೇಬಲ್. ಅದೇ ಬ್ಯಾಚ್ ನಂಬರ್, ಅದೇ ತಾರೀಖು, ಅದೇ ಟಿಎಚ್‌ಸಿ, ಅದೇ ಸಿಬಿಡಿ. ಹುಡುಗನ ಮುಖ ನೋಡಲಾಗಲಿಲ್ಲ. ಅವನಿಗೆ ನಾನು ಒಂದು ಮಾತೂ ಬೈದಿಲ್ಲ. ಅಜ್ಜಿ ಮೇಲಿನ ಪ್ರೀತಿಗೆ ಮಾಡಿದ್ದು.

ಇನ್ನು ಆ ಎಂಜಲು. ಅದನ್ನು ಅಳಿಸಿಹಾಕಿ ಅಂತ ಮೂರು ಸಲ ಬರೆದೆ. "ನಿಮ್ಮ ವಿನಂತಿ ಸ್ವೀಕರಿಸಲಾಗಿದೆ" ಅಂತ ಮೂರು ಸಲ ಉತ್ತರ ಬಂದಿದೆ. ಇದು ಆಯಿ ಒಬ್ಬಳದ್ದಲ್ಲ ನೋಡಿ, ಅದರಲ್ಲಿ ಅರ್ಧ ನನ್ನದು, ತಮ್ಮನದು, ತಂಗಿಯದು. ಹೀಗೇ ಎಂಜಲು ತಗೊಂಡು ಡಿಎನ್ಎ ನೋಡುವ ಅಮೆರಿಕದ 23ಆಂಡ್‌ಮಿ ಎಂಥ ದೊಡ್ಡ ಕಂಪನಿ! 2023ರಲ್ಲಿ ಅಲ್ಲಿಂದ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇವರು ಬಾಗಿಲು ಹಾಕಿದರೆ ನಮ್ಮ ಆಯಿಯ ಉಗುಳು ಯಾರ ಕೈಗೆ?

ಊರಿನ ಮರ್ಯಾದೆಯ ಕಥೆ ಬೇರೆ. ಉತ್ತರ ಕನ್ನಡ ಅಂದರೆ ಬೆಂಗಳೂರಿನವರು "ಓ, ಗೋಕರ್ಣ!" ಅಂತ ಕಣ್ಣು ಮಿಟುಕಿಸುತ್ತಾರೆ, ಅದನ್ನು ಸಹಿಸಿ ಸಾಕಾಗಿದೆ. ಈಗ ಕೊರಿಯರ್ ಹುಡುಗನೂ ಡಬ್ಬಿ ಮೇಲಿನ ಎಲೆಯ ಚಿತ್ರ ನೋಡಿ, ನನ್ನ ಮುಖ ನೋಡಿ, "ನಿಮ್ದೇ ಅಲ್ವಾ ಭಟ್ರೇ?" ಅಂತ ನಗುತ್ತಾನೆ. ಆಯಿಯದ್ದು ಅಂದರೆ ನಂಬುತ್ತಾನಾ?

ನಿನ್ನೆ ಮತ್ತೆ ಒಂದು ಡಬ್ಬಿ ತಂದ. ತಿಂಗಳ ಚಂದಾ ತಾನಾಗಿಯೇ ಮುಂದುವರಿದಿದೆಯಂತೆ, ಕಾರ್ಡಿನಿಂದ 2,400 ಹೋಗಿದೆ. ಬಿಚ್ಚಿ ನೋಡಿದರೆ ಹೊಸ ಸ್ಟಿಕ್ಕರ್. ಈ ಸಲ ಆಯಿಯ ಹೆಸರಿನ ಮುಂದೆ 'ಮಿಸ್ಟರ್' ಅಂತ ಇದೆ. ಎರಡು ಟ್ಯೂಬ್ ಎಂಜಲು, ಹದಿನೆಂಟು ಪುಟದ ಡಿಎನ್ಎ ರಿಪೋರ್ಟು, ಮಿಸ್ಟರ್!