ಸ್ಸ್ ಸದ್ದಿಗೊಂದು ಸಾಷ್ಟಾಂಗ

ಭಾನುವಾರ ಬೆಳಿಗ್ಗೆ ಭಾವನ ಫೋನು. "ಹನ್ನೊಂದಕ್ಕೆ ಬಾ. ತಿಂಡಿ ತಿಂದ್ಕೊಂಡೇ ಬಾ. ಇಲ್ಲಿ ತಿಂದ್ರೆ ಚಮಚದ ಸದ್ದಾಗುತ್ತೆ."

ಹೋದೆ. ಜಯನಗರದ ಅವರ ಮನೆಯಲ್ಲಿ ಫ್ಯಾನ್ ನಿಂತಿತ್ತು. ಕಿಟಕಿಗಳು ಮುಚ್ಚಿದ್ದವು. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಿದ್ದರು. ಹಾಲು ಒಡೆದರೆ ಯಾರು ಹೊಣೆ ಅಂತ ಅಕ್ಕ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಹಾಲ್‌ನ ಮೂಲೆಯಲ್ಲಿ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ನಂದಾದೀಪದ ಹಾಗೆ ಕೆಂಪಗೆ ಉರಿಯುತ್ತಿತ್ತು. ಅದರಿಂದ ಹೆಬ್ಬೆರಳು ದಪ್ಪದ ಕೇಬಲ್‌ಗಳು ಹೊರಟಿದ್ದವು. ಕೇಬಲ್ ನೆಲಕ್ಕೆ ತಾಗಿದರೆ ಸಂಗೀತ ಕೆಡುತ್ತದಂತೆ. ಅದಕ್ಕೇ ಅವುಗಳ ಕೆಳಗೆ ಅಲ್ಲಲ್ಲಿ ಪುಟ್ಟ ಮರದ ಮಣೆ. ನನಗೆ ಕೂರಲು ಮಣೆ ಇರಲಿಲ್ಲ. ನೆಲದ ಮೇಲೆ ಕೂತೆ.

ಭಾವ ಎರಡೂ ಕೈಯಲ್ಲಿ ರೆಕಾರ್ಡನ್ನು ಪ್ರಸಾದದಂತೆ ಹಿಡಿದು ತಂದರು. ಮುಳ್ಳು ಇಳಿಸಿದರು. ಕಣ್ಣು ಮುಚ್ಚಿದರು.

"ಕೇಳಿಸ್ತಾ?"

"ಹಾಡು ಇನ್ನೂ ಶುರುವಾಗಿಲ್ವಲ್ಲ ಭಾವ."

"ಹಾಡಲ್ಲಯ್ಯಾ. ಅದರ ಹಿಂದೆ ಸ್ಸ್ ಅಂತಿದೆಯಲ್ಲ, ಅದು!"

ಕೇಳಿಸಿತು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುತ್ತದಲ್ಲ, ಅದೇ ಥರದ್ದು.

ಆಲ್ಬಂ ಹೆಸರು 'ನೆಬ್ರಾಸ್ಕಾ'. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಿದ್ದು. ಆ ಸ್ಸ್ ಹುಟ್ಟಿದ ಕಥೆ ಕೇಳಿದರೆ ಭಾವನ ಕೇಬಲ್‌ಗಳಿಗೆ ನಾಚಿಕೆಯಾಗಬೇಕು. 1980ರಲ್ಲಿ ಬಂದ 'ದಿ ರಿವರ್' ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ಆದರೆ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತು ದುಡ್ಡು ಸುರಿಯುವುದು ಆ ಮನುಷ್ಯನಿಗೆ ಸಾಕಾಗಿತ್ತು. ಹೊಸ ಹಾಡುಗಳನ್ನು ಮನೆಯಲ್ಲೇ ಒಂದು ಸಲ ಕಚ್ಚಾ ಆಗಿ ಹಿಡಿದಿಟ್ಟು, ಬ್ಯಾಂಡಿನವರಿಗೆ ಕೇಳಿಸಿ, ಆಮೇಲೆ ಸರಿಯಾಗಿ ರೆಕಾರ್ಡ್ ಮಾಡೋಣ ಎಂದುಕೊಂಡ. ಅವನ ಗಿಟಾರ್ ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಒಂದು ಟಿಯಾಕ್ ಪೋರ್ಟಾಸ್ಟುಡಿಯೋ ತಂದುಕೊಟ್ಟ. ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ಸದ್ದನ್ನು ಬೇರೆಬೇರೆಯಾಗಿ, ಹಿಡಿಯುವ ಯಂತ್ರ. 1982ರ ಜನವರಿ, ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್, ಬಾಡಿಗೆ ಮನೆಯ ಮಲಗುವ ಕೋಣೆ. ಎರಡು ಮೈಕು. ಗಿಟಾರು, ಮೌತ್ ಆರ್ಗನ್, ಆಗೀಗ ಒಂದು ಮ್ಯಾಂಡೊಲಿನ್.

ನಾಲ್ಕೂ ಟ್ರ್ಯಾಕನ್ನು ಬೆರೆಸಿ ಇಳಿಸಿಕೊಂಡಿದ್ದು ಮನೆಯಲ್ಲಿದ್ದ ಪ್ಯಾನಾಸೋನಿಕ್ ಬೂಮ್‌ಬಾಕ್ಸಿಗೆ, ಅಂದರೆ ಕೈಯಲ್ಲಿ ಹಿಡಿದು ಒಯ್ಯುವ ಟೇಪ್ ರೆಕಾರ್ಡರಿಗೆ. ಆ ಪೆಟ್ಟಿಗೆ ಹಿಂದೊಮ್ಮೆ ನೀರಿಗೆ ಬಿದ್ದು, ಸತ್ತಂತಿದ್ದು, ತಾನಾಗೇ ಬದುಕಿಕೊಂಡಿದ್ದಂತೆ. ಆಮೇಲೆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಜೇಬಿನಲ್ಲಿ ಹಾಕಿಕೊಂಡು ವಾರಗಟ್ಟಲೆ ಓಡಾಡಿದ. ಸ್ಟುಡಿಯೋದಲ್ಲಿ ಬ್ಯಾಂಡಿನ ಜೊತೆ ಅದೇ ಹಾಡುಗಳನ್ನು ನುಡಿಸಿ ನೋಡಿದರೆ ಜೀವವೇ ಬರಲಿಲ್ಲ. ಕೊನೆಗೆ ಜೇಬಿನ ಕ್ಯಾಸೆಟ್ಟನ್ನೇ ಆಲ್ಬಂ ಮಾಡೋಣ ಎಂದಾಯಿತು. ಅದನ್ನು ರೆಕಾರ್ಡಿನ ಗೆರೆಗೆ ಇಳಿಸಲು ದೊಡ್ಡ ದೊಡ್ಡ ಎಂಜಿನಿಯರ್‌ಗಳು ಒದ್ದಾಡಿದರು. ಅಂತೂ 1982ರ ಸೆಪ್ಟೆಂಬರ್ 30ಕ್ಕೆ ಹತ್ತು ಹಾಡಿನ, ಸುಮಾರು 41 ನಿಮಿಷದ ಆಲ್ಬಂ ಹೊರಬಂತು.

ಅಂದರೆ ನಮ್ಮ ಭಾವ ಮನೆಯ ಫ್ರಿಜ್ ಆರಿಸಿ ಕಾಯುತ್ತಿದ್ದುದು ನೀರು ಕುಡಿದ ಒಂದು ಪೆಟ್ಟಿಗೆಯ ಉಸಿರಾಟಕ್ಕೆ.

"ಹಳೇ ರೆಕಾರ್ಡಿನಲ್ಲಿ ಈ ಸ್ಸ್ ಸ್ವಲ್ಪ ಮಂಕಾಗಿತ್ತು" ಅಂದರು ಭಾವ. "ಹೊಸದಾಗಿ ರೀಮಾಸ್ಟರ್ ಮಾಡಿ ಸದ್ದು ತಿದ್ದಿದ್ದಾರಲ್ಲ, ಇದರಲ್ಲಿ ಎಷ್ಟು ಸ್ವಚ್ಛವಾಗಿದೆ ನೋಡು."

ಕೊಳೆಯನ್ನು ತೊಳೆದು ಫಳಫಳ ಹೊಳೆಯುವ ಕೊಳೆ ಮಾಡುವ ವಿದ್ಯೆ ಇದು. ಬೆಲೆ ಕೇಳಬೇಡಿ. ಅಕ್ಕನಿಗೂ ಹೇಳಿಲ್ಲ.

ಭಾವ ಒಬ್ಬರೇ ಹೀಗಿದ್ದರೆ ಮನೆಯ ಮಾತು ಅಂತ ಸುಮ್ನಿರುತ್ತಿದ್ದೆ. ಈ ಆಲ್ಬಮ್ಮಿಗೆ ಲೋಕದ ತುಂಬ ಭಾವಂದಿರಿದ್ದಾರೆ. ಅವರ ಅಭಿಪ್ರಾಯ ಕೇಳುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಹಾಡಿದವನು ಎಷ್ಟೆಷ್ಟು ಕಡಿಮೆ ಮಾಡಿದ್ದಾನೋ, ಕೇಳುವವರು ಅಷ್ಟಷ್ಟು ಜಾಸ್ತಿ ಸೇರಿಸುತ್ತಾರೆ. ಖಾಲಿ ಸೈಟು ಕಂಡರೆ ಕಸ ಸುರಿಯದೆ ಇರಲಾರದ ಜನ ಬರೀ ನಮ್ಮೂರಲ್ಲೇ ಇರೋದಲ್ಲ.

ಮೊದಲು, ಹೇಗೆ ಕೇಳಬೇಕು ಎಂಬ ಮಡಿ. ರಾತ್ರಿ ಒಂದು ಗಂಟೆಯ ಮೇಲೆ ಕೇಳಬೇಕು. ಒಬ್ಬರೇ ಕೇಳಬೇಕು. ಕಾರಿನಲ್ಲಾದರೆ ಉತ್ತಮ. ಹೆದ್ದಾರಿ ಖಾಲಿ ಇರಬೇಕು. ಮುಖಪುಟದ ಚಿತ್ರದಲ್ಲಿರುವಂತೆ ಕಾರಿನ ಗಾಜಿನಾಚೆ ಬರೀ ರಸ್ತೆ, ಬರೀ ಬಯಲು, ಬರೀ ಮೋಡ. ಇಂಥ ಹೆದ್ದಾರಿಯನ್ನು ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೋದರೆ ಸಿಗುತ್ತದೆ ಅಂತ ಭಾವನನ್ನು ಕೇಳಿದೆ. ತುಮಕೂರು ರಸ್ತೆಯಲ್ಲಿ ಒಮ್ಮೆ ಪ್ರಯತ್ನಿಸಿದ್ದಾರಂತೆ. ಎರಡನೇ ಹಾಡು ಮುಗಿಯುವಷ್ಟರಲ್ಲಿ ಮೂರು ಲಾರಿ, ಒಂದು ದಿಬ್ಬಣದ ಬಸ್ಸು. ಟೋಲಿನಲ್ಲಿ ಚಿಲ್ಲರೆ ಜಗಳ. ದುಃಖ ಅಲ್ಲಿಗೇ ನಿಂತಿತು.

ದುಃಖದ ವಿಷಯದಲ್ಲಂತೂ ಭಾರಿ ಪೈಪೋಟಿ. "ಮೊದಲ ಸಲ ಕೇಳಿದಾಗ ಎರಡು ದಿನ ಊಟ ಸೇರಲಿಲ್ಲ" ಎಂದು ಒಬ್ಬರು. "ಎರಡೇ ದಿನಾನಾ?" ಎಂದು ಇನ್ನೊಬ್ಬರು. ಇವರ ನಡುವೆ ಒಬ್ಬ ಬಡಪಾಯಿ ಬಂದು "ಎಲ್ಲಾ ಹಾಡೂ ಒಂದೇ ಥರ ಕೇಳಿಸುತ್ತಪ್ಪಾ, ನಿದ್ದೆ ಬಂತು" ಅಂದುಬಿಡುತ್ತಾನೆ. ಸತ್ತೇಹೋದ. "ನೀನಿನ್ನೂ ಬದುಕು ಕಂಡಿಲ್ಲ" ಎಂದು ಅವನಿಗೆ ಹೇಳಲಾಗುತ್ತದೆ. ಹೇಳುವವರು ಬದುಕಿನಲ್ಲಿ ಕಂಡಿದ್ದು ಏನು? ನನಗೆ ಗೊತ್ತಿರುವ ಇಬ್ಬರ ಮಟ್ಟಿಗೆ ಗೃಹಸಾಲದ ಕಂತು. ನನ್ನ ಲೆಕ್ಕದಲ್ಲಿ ಆ ನಿದ್ದೆ ಹೋದವನು ಕೊಂಚ ಗೌರವಸ್ಥ. ಕಿವಿಗೆ ಬಿದ್ದಿದ್ದನ್ನು ಹೇಳಿದ, ಅಷ್ಟೆ.

ಕೊನೆಯ ಹಾಡಿನ ಬಗ್ಗೆ ಬೇರೆಯೇ ಗದ್ದಲ. ಅದರ ಹೆಸರಿನಲ್ಲಿ ನಂಬಿಕೆ ಅನ್ನೋ ಮಾತಿದೆ. ಅಷ್ಟು ಸಾಕು. ಒಂಬತ್ತು ಹಾಡು ಕತ್ತಲೆ, ಹತ್ತನೆಯದು ಬೆಳಕು, ಆಹಾ ಎಂದು ಬರೆದವರು ಬೇಕಾದಷ್ಟು ಮಂದಿ. ಆ ಹಾಡು ಶುರುವಾಗುವುದು ಹೇಗೆ ಗೊತ್ತಾ? ಹೆದ್ದಾರಿ ಪಕ್ಕ ಒಂದು ಸತ್ತ ನಾಯಿ. ಒಬ್ಬ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ನಾಯಿಯನ್ನು ಕೋಲಿನಿಂದ ತಿವಿಯುತ್ತಾ ನಿಂತಿದ್ದಾನೆ. ಸಾಕಷ್ಟು ಹೊತ್ತು ನಿಂತರೆ ಅದು ಎದ್ದು ಓಡುತ್ತದೆ ಎಂಬಂತೆ. ಇದರಲ್ಲಿ ಬೆಳಕು ಕಂಡವರ ಕಣ್ಣಿಗೆ ಏನು ಹೇಳೋಣ.

ಹೋಗಲಿ, ಇವರೆಲ್ಲ ಸಾಮಾನ್ಯ ಕೇಳುಗರು. ಒಬ್ಬ ಅಸಾಮಾನ್ಯ ಕೇಳುಗರಿದ್ದರು. ಹೆಸರು ರೊನಾಲ್ಡ್ ರೇಗನ್, ಕೆಲಸ ಅಮೆರಿಕದ ಅಧ್ಯಕ್ಷಗಿರಿ. ಅದೇ ಮಲಗುವ ಕೋಣೆಯಲ್ಲಿ ಅದೇ ಯಂತ್ರದಲ್ಲಿ ಹಾಡಿದ್ದ ಇನ್ನೊಂದು ಹಾಡು 'ಬಾರ್ನ್ ಇನ್ ದಿ ಯುಎಸ್ಎ'. ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸವಿಲ್ಲದೆ ಅಲೆಯುವವನ ಹಾಡು. ಅದು 'ನೆಬ್ರಾಸ್ಕಾ'ಕ್ಕೆ ಸೇರಲಿಲ್ಲ. 1984ರಲ್ಲಿ ಡ್ರಮ್ಮು, ಸಿಂಥಸೈಜರು ಎಲ್ಲ ತುಂಬಿಕೊಂಡು, ಮುಷ್ಟಿ ಎತ್ತಿ ಕೂಗುವ ಹಾಡಾಗಿ ಬಂತು. ಜನ ಪಲ್ಲವಿ ಹಿಡಿದುಕೊಂಡು ಬಾವುಟ ಬೀಸಿದರು. ಚರಣ ಕೇಳುವ ತನಕ ಯಾರಿಗೆ ಪುರುಸೊತ್ತು? ಆ ಸೆಪ್ಟೆಂಬರ್ 19ರಂದು ರೇಗನ್ ಚುನಾವಣೆ ಪ್ರಚಾರಕ್ಕೆ ನ್ಯೂಜೆರ್ಸಿಯ ಹ್ಯಾಮಂಟನ್‌ಗೆ ಬಂದು, ಈ ನ್ಯೂಜೆರ್ಸಿ ಹುಡುಗನ ಹಾಡಿನಲ್ಲಿ ದೇಶದ ಭವಿಷ್ಯವಿದೆ, ಭರವಸೆಯಿದೆ ಎಂಬರ್ಥದಲ್ಲಿ ಭಾಷಣ ಮಾಡಿದರು. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್‌ನ ಸಂಗೀತ ಕಛೇರಿಯಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ನನ್ನ ಯಾವ ಆಲ್ಬಂ ಇಷ್ಟವೋ ಏನೋ, 'ನೆಬ್ರಾಸ್ಕಾ' ಅಂತೂ ಇರಲಿಕ್ಕಿಲ್ಲ ಎಂದು ಹೇಳಿ, ಅದರದ್ದೇ ಒಂದು ಹಾಡು ಶುರು ಮಾಡಿದ. ಮಾವಾ ಎಂಬ ಊರಿನ ಕಾರು ಕಾರ್ಖಾನೆ ಮುಚ್ಚಿ, ಕೆಲಸ ಹೋದವನೊಬ್ಬ ಕುಡಿದು ಗುಂಡು ಹಾರಿಸಿ, 99 ವರ್ಷ ಜೈಲು ಹಾಕಿಸಿಕೊಳ್ಳುವ ಹಾಡು. ಆ ಊರಿನಲ್ಲಿ ಫೋರ್ಡ್ ಕಾರ್ಖಾನೆ 1980ರಲ್ಲಿ ನಿಜವಾಗಿಯೂ ಮುಚ್ಚಿತ್ತು.

 ನವೆಂಬರಿನಲ್ಲಿ ಅಧ್ಯಕ್ಷರು 49 ರಾಜ್ಯ ಗೆದ್ದರು. ಚರಣ ಕೇಳದಿದ್ದರೆ ನಷ್ಟವೇನೂ ಇಲ್ಲ ಎಂದು ಸಾಬೀತಾಯಿತು.

ಈಗ ಅಸಲು ತಮಾಷೆಗೆ ಬರೋಣ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಈ ಆಲ್ಬಮ್ಮಿನ ಭಕ್ತರು ಹೇಳಿಕೊಂಡು ಬಂದದ್ದು ಒಂದೇ ಮಾತು. ಇದರ ಹೆಚ್ಚುಗಾರಿಕೆಯೇ ಬ್ಯಾಂಡ್ ಇಲ್ಲದಿರುವುದು. ಡ್ರಮ್ಮಿನ ಒಂದು ಪೆಟ್ಟು ಬಿದ್ದಿದ್ದರೂ ಎಲ್ಲಾ ಹಾಳಾಗುತ್ತಿತ್ತು. ಇಷ್ಟು ಹೇಳಿ, ಉಸಿರು ತೆಗೆದುಕೊಂಡು, ಅದೇ ಭಕ್ತರು ಕೇಳುತ್ತಿದ್ದ ಪ್ರಶ್ನೆ: "ಬ್ಯಾಂಡ್ ಜೊತೆ ರೆಕಾರ್ಡ್ ಮಾಡಿದ್ರಂತಲ್ಲ, ಅದು ಯಾವಾಗ ಬಿಡ್ತಾರೆ?" ಅದಕ್ಕೊಂದು ಹೆಸರೂ ಇತ್ತು, 'ಎಲೆಕ್ಟ್ರಿಕ್ ನೆಬ್ರಾಸ್ಕಾ'. ಯಾರೂ ಕೇಳಿರಲಿಲ್ಲ. ಆದರೂ ಅದು ಹೇಗಿದೆ ಎಂಬ ಬಗ್ಗೆ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು. ಕೇಳದ ಸಂಗೀತದ ಬಗ್ಗೆ ಜಗಳ ಆಡಲು ಕೇಬಲ್ಲೂ ಬೇಡ ನೋಡಿ.

2025ರಲ್ಲಿ ಒಂದು ಸಂದರ್ಶನದಲ್ಲಿ ಸ್ಪ್ರಿಂಗ್‌ಸ್ಟೀನ್, ಅಂಥದ್ದೇನೂ ಇಲ್ಲವೇ ಇಲ್ಲ ಅಂದುಬಿಟ್ಟ. ಆಮೇಲೆ ಉಗ್ರಾಣ ಹುಡುಕಿಸಿ, ಇದೆಯಂತೆ ಎಂದು ಅದೇ ಪತ್ರಕರ್ತನಿಗೆ ಮೆಸೇಜು ಕಳಿಸಿದ. ಅಟ್ಟದ ಮೇಲಿನ ಕೊಪ್ಪರಿಗೆ ಬಗ್ಗೆ ನಮ್ಮಜ್ಜಿ ಹೀಗೇ ಹೇಳುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ದಪ್ಪ ಪೆಟ್ಟಿಗೆ ಹೊರಬಂತು. ಮೂಲ ಆಲ್ಬಂ ರೀಮಾಸ್ಟರ್ ಆಗಿ, ಬಿಟ್ಟುಹೋದ ಹಾಡುಗಳು, ಬ್ಯಾಂಡ್ ಸಹಿತದ ಹಾಡುಗಳು, ಈಗ ಹೊಸದಾಗಿ ಹಾಡಿ ಚಿತ್ರೀಕರಿಸಿದ್ದು, ಎಲ್ಲ ಒಟ್ಟಿಗೆ. ಸಾಲದೆಂಬಂತೆ ಅದೇ ತಿಂಗಳು ಈ ಆಲ್ಬಂ ಮಾಡಿದ ಕಥೆಯ ಮೇಲೆ ಹಾಲಿವುಡ್ ಸಿನಿಮಾ. ಒಬ್ಬ ಒಂಟಿಯಾಗಿ ಕೋಣೆಯಲ್ಲಿ ಕೂತು, ಏನೂ ಬೇಡ ಎಂದು ಹಾಡಿದ್ದನ್ನು ತೋರಿಸಲು ಎಷ್ಟು ಜನ ಬೇಕಾಯಿತು ಎಂಬುದನ್ನು ಸಿನಿಮಾದ ಕೊನೆಯಲ್ಲಿ ಹೆಸರುಗಳು ಬರುವಾಗ ಎಣಿಸಬಹುದು.

ಭಾವನೂ ಆ ಪೆಟ್ಟಿಗೆ ತರಿಸಿದ್ದರು. ಬ್ಯಾಂಡ್ ಇರುವ ತಟ್ಟೆ ಹಾಕಿದರು. ಡ್ರಮ್ಮು ಬಂತು. ಕಿವಿಗೊಟ್ಟು ಕೇಳಿದರು. ಆಮೇಲೆ ತೀರ್ಪು ಬಂತು.

"ಬ್ಯಾಂಡ್ ಇರಬಾರದಿತ್ತು."

"ಅದನ್ನೇ ಅವನು ನಲವತ್ಮೂರು ವರ್ಷದ ಹಿಂದೆ ಹೇಳಿದ್ನಲ್ಲ ಭಾವ?"

"ಅವನು ಹೇಳಿದ್ದು ಬೇರೆ. ನಾವು ಕೇಳಿ ತಿಳ್ಕೊಳ್ಳೋದು ಬೇರೆ." ತಟ್ಟೆಯನ್ನು ಒರೆಸಿ ಒಳಗಿಟ್ಟು, ಹಳೇದನ್ನೇ ಮತ್ತೆ ಹಾಕಿದರು.

ಅಷ್ಟರಲ್ಲಿ ಅಕ್ಕ ದಂಟಿನ ಸೊಪ್ಪು ಬಿಡಿಸಲು ಹಾಲ್‌ಗೇ ಬಂದು ಕೂತಳು. ಸೊಪ್ಪಿಗೆ ಸದ್ದಿಲ್ಲವಾದ್ದರಿಂದ ಭಾವ ಬಿಟ್ಟರು. ಒಂದು ಹಾಡು ಬಂತು, ನಿಧಾನವಾದ್ದು. "ಏನಂತೆ ಇದು?" ಅಂದಳು. ಪಿಸುದನಿಯಲ್ಲಿ ಹೇಳಿದೆ. ಒಬ್ಬ ಪೊಲೀಸ್. ಅವನಿಗೊಬ್ಬ ತಮ್ಮ, ಸರಿಯಿಲ್ಲ. ಒಂದು ರಾತ್ರಿ ಹೊಡೆದಾಟವಾಗಿ ಹುಡುಗನೊಬ್ಬ ರಕ್ತದ ಮಡುವಿನಲ್ಲಿ ಬಿದ್ದಿದ್ದಾನೆ, ಮಾಡಿದ್ದು ತಮ್ಮ. ಅಣ್ಣ ಕಾರಿನಲ್ಲಿ ಬೆನ್ನು ಹತ್ತುತ್ತಾನೆ. ಕೆನಡಾ ಗಡಿ ಇನ್ನೈದು ಮೈಲಿ ಇದೆ ಎನ್ನುವಾಗ ರಸ್ತೆ ಬದಿಗೆ ನಿಲ್ಲಿಸಿ, ತಮ್ಮನ ಕಾರಿನ ಹಿಂದಿನ ದೀಪ ಮರೆಯಾಗುವುದನ್ನು ನೋಡುತ್ತಾನೆ.

ಅಕ್ಕನ ಕೈ ಸೊಪ್ಪಿನ ಮೇಲೆ ನಿಂತಿತು.

"ಹಿಡೀಲೇ ಇಲ್ವಾ?"

"ಇಲ್ಲ."

"ಆ ಹುಡುಗ ಬದುಕಿದ್ನಾ?"

"ಹಾಡಲ್ಲಿ ಹೇಳಿಲ್ಲ."

"ಷ್!" ಭಾವ ಕಣ್ಣು ತೆರೆಯದೆ ಬೆರಳೆತ್ತಿದರು. "ಈಗ ಹಾಡು ಮುಗಿಯುತ್ತೆ. ಸ್ಸ್ ಬರುತ್ತೆ, ಕೇಳಿ."

ಅಕ್ಕ ಎದ್ದುಹೋಗಿ ಫ್ರಿಜ್ಜಿನ ಪ್ಲಗ್ ಹಾಕಿದಳು.